ಲಂಡನ್ನಿನ ಸಾಲುಮನೆ ಮತ್ತು ವಿಸ್ತರಣೆಯ ಅನುಮತಿ : ಜಾನ್ ಸೋನ್ ಮನೆಯ ನಿದರ್ಶನ

ನಗರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅರಮನೆ, ಕೋಟೆ, ದೇವಾಲಯ, ಚರ್ಚುಗಳತ್ತ ಹೆಚ್ಚು ಗಮನ ಹರಿಸುತ್ತಾರೆ. ಆದರೆ ಯಾವ ನಗರವೇ ಆಗಲಿ, ಅದರ ಬಹುಭಾಗ ವಾಸದ ಮನೆಗಳಿಂದ ಕೂಡಿರುತ್ತದೆ. ಸ್ಮಾರಕವು ಕಟ್ಟಿದ ಸ್ಥಿತಿಯಲ್ಲಿ ಉಳಿಯಬೇಕೆಂದು ನಾವು ನಿರೀಕ್ಷಿಸುತ್ತೇವೆ. ಮನೆಯ ವಿಷಯ ಹಾಗಲ್ಲ. ಸಂಸಾರ ಬೆಳೆದಂತೆ, ವೃತ್ತಿ ಬದಲಾದಂತೆ, ಸಂಪತ್ತು ಕೂಡಿದಂತೆ ಮನೆಯೂ ಹಿಂದಕ್ಕೆ, ಮೇಲಕ್ಕೆ, ಕೆಲವೊಮ್ಮೆ ಬೀದಿಯ ಕಡೆಗೂ ಬೆಳೆಯುತ್ತದೆ. ಹಾಗೆ ಬೆಳೆಸಲು ಒಡೆಯನು ಯಾರ ಅನುಮತಿಯನ್ನು ಪಡೆಯಬೇಕು, ಆ ಅನುಮತಿ ಏತಕ್ಕಾಗಿ ಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ.

ಈ ಉತ್ತರಗಳ ಬದಲಾವಣೆಯನ್ನು ಲಂಡನ್ನಿನ ಒಂದು ಮನೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದು ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ಚೌಕದ ಉತ್ತರ ಪಾರ್ಶ್ವದಲ್ಲಿರುವ ೧೩ನೆಯ ಸಂಖ್ಯೆಯ ಮನೆ. ವಾಸ್ತುಶಿಲ್ಪಿ ಸರ್ ಜಾನ್ ಸೋನ್ (೧೭೫೩-೧೮೩೭) ಕಟ್ಟಿ ವಾಸಿಸಿದ ಈ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ೧೮೧೨ರಲ್ಲಿ ತನ್ನ ಮನೆಯ ಮುಂಭಾಗವನ್ನು ಸಾಲಿನಿಂದ ಮುಂದಕ್ಕೆ ಚಾಚಿದ ಕಾರಣಕ್ಕೆ ಸೋನ್ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಇಪ್ಪತ್ತೊಂದು ವರ್ಷಗಳ ನಂತರ, ೧೮೩೩ರಲ್ಲಿ, ಅದೇ ಮನೆಯನ್ನು ತನ್ನ ಮರಣಾನಂತರ ಯಾರೂ ಬದಲಿಸಬಾರದೆಂದು ಆತನೇ ಪಾರ್ಲಿಮೆಂಟಿನಿಂದ ಅಧಿನಿಯಮವೊಂದನ್ನು ಪಡೆದನು. ವಿಸ್ತರಣೆಯ ಹಕ್ಕು ಮತ್ತು ರಕ್ಷಣೆಯ ಕರ್ತವ್ಯ ಎಂಬ ಎರಡು ವಾದಗಳೂ ಇಲ್ಲಿ ಒಬ್ಬನೇ ವ್ಯಕ್ತಿಯಲ್ಲಿ ಸೇರಿರುವುದರಿಂದ ಈ ನಿದರ್ಶನವು ವಿಶೇಷ ಮಹತ್ವವುಳ್ಳದ್ದಾಗಿದೆ.

೧. ಅರಸನ ಪರವಾನಗಿ

ಲಂಡನ್ನಿನಲ್ಲಿ ಮನೆ ಕಟ್ಟುವುದರ ಮೇಲಿನ ನಿರ್ಬಂಧಗಳು ಹಳೆಯವು. ಜನಸಂಖ್ಯೆಯ ಒತ್ತಡಕ್ಕೆ ಹೆದರಿದ ಮೊದಲನೆಯ ಎಲಿಜಬೆತ್ ರಾಣಿಯು ೧೫೮೦ರಲ್ಲಿ ಘೋಷಣೆಯೊಂದನ್ನು ಹೊರಡಿಸಿ, ನಗರದ್ವಾರಗಳಿಂದ ಮೂರು ಮೈಲಿಗಳ ಒಳಗೆ ಹೊಸ ಮನೆಗಳನ್ನು ಕಟ್ಟುವುದನ್ನು ನಿಷೇಧಿಸಿದಳು. ಸ್ಟುವರ್ಟ್ ಅರಸರ ಕಾಲದಲ್ಲಿಯೂ ಇಂತಹ ಘೋಷಣೆಗಳು ಮುಂದುವರಿದವು. ನಿಷೇಧವಿದ್ದ ಕಡೆ ವಿನಾಯಿತಿಯೂ ಇರುತ್ತದೆ. ಅರಸನಿಂದ ಪರವಾನಗಿ ಪಡೆದವನು ಕಟ್ಟಬಹುದಾಗಿತ್ತು.

ಲಿಂಕನ್ಸ್ ಇನ್ ಫೀಲ್ಡ್ಸ್ ಹುಟ್ಟಿದ್ದು ಹೀಗೆಯೇ. ವಿಲಿಯಂ ನ್ಯೂಟನ್ ಎಂಬಾತನು ೧೬೩೮ರಲ್ಲಿ ಅಲ್ಲಿ ೩೨ ಮನೆಗಳನ್ನು ಕಟ್ಟಲು ಮೊದಲನೆಯ ಚಾರ್ಲ್ಸ್ ಅರಸನ ಅನುಮತಿಯನ್ನು ಬೇಡಿದನು. ನೆರೆಯ ಲಿಂಕನ್ಸ್ ಇನ್ ವಕೀಲರ ಸಂಘವು ತಮ್ಮ ಪಕ್ಕದ ಬಯಲು ಮುಚ್ಚಿಹೋಗುವುದೆಂದು ವಿರೋಧಿಸಿತು. ಮನೆಗಳು ಎದ್ದವು, ಆದರೆ ನಡುವಿನ ಬಯಲು ಬಯಲಾಗಿಯೇ ಉಳಿಯಿತು. ಅರ್ಜಿ, ಆಕ್ಷೇಪಣೆ, ಷರತ್ತು ಎಂಬ ಮೂರು ಹೆಜ್ಜೆಗಳು ಆಗಲೇ ಕಾಣಿಸಿಕೊಂಡಿರುವುದು ಗಮನಾರ್ಹವಾಗಿದೆ. ಆದರೆ ಅನುಮತಿಯ ಮೂಲ ಅರಸನ ಇಚ್ಛೆಯಾಗಿತ್ತೇ ಹೊರತು ಸಾರ್ವತ್ರಿಕವಾದ ನಿಯಮವಾಗಿರಲಿಲ್ಲ.

೨. ಬೆಂಕಿಯ ಭಯ

ನಿಯಮವನ್ನು ತಂದದ್ದು ಬೆಂಕಿ. ೧೬೬೬ರ ಸೆಪ್ಟೆಂಬರ್ ೨ರಿಂದ ೬ರವರೆಗೆ ಹಬ್ಬಿದ ಮಹಾಗ್ನಿಯಲ್ಲಿ ಸುಮಾರು ೧೩,೨೦೦ ಮನೆಗಳೂ ೮೭ ಚರ್ಚುಗಳೂ ನಾಶವಾದವು. ಮರದ ಚೌಕಟ್ಟಿನ ಹಳೆಯ ಮನೆಗಳ ಮೇಲಂತಸ್ತುಗಳು ಬೀದಿಯ ಮೇಲೆ ಚಾಚಿಕೊಂಡಿದ್ದವು. ಎದುರುಬದುರಿನ ಮನೆಗಳ ಮಾಡುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರವಾಗಿದ್ದ ಓಣಿಗಳಲ್ಲಿ ಬೆಂಕಿ ಸುಲಭವಾಗಿ ದಾಟಿತು. ೧೬೬೭ರ ಪುನರ್ನಿರ್ಮಾಣ ಅಧಿನಿಯಮವು ಹೊರಗೋಡೆಗಳು ಇಟ್ಟಿಗೆ ಅಥವಾ ಕಲ್ಲಿನವಾಗಿರಬೇಕೆಂದು ವಿಧಿಸಿತು. ಬೀದಿಯ ಅಗಲಕ್ಕೆ ತಕ್ಕಂತೆ ಮನೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಅಂತಸ್ತುಗಳ ಸಂಖ್ಯೆಯನ್ನೂ ಗೋಡೆಗಳ ದಪ್ಪವನ್ನೂ ಗೊತ್ತುಪಡಿಸಿತು. ೧೭೦೭ರ ಕಾಯಿದೆಯು ಮರದ ಸೂರಂಚುಗಳನ್ನು ನಿಷೇಧಿಸಿದುದರಿಂದ ಮಾಡಿನ ಮುಂದೆ ಕೈಪಿಡಿಗೋಡೆ ಎದ್ದಿತು. ೧೭೦೯ರ ಕಾಯಿದೆಯು ಕಿಟಕಿಯ ಚೌಕಟ್ಟು ಗೋಡೆಯ ಮೈಯಿಂದ ನಾಲ್ಕು ಅಂಗುಲ ಒಳಕ್ಕೆ ಸರಿದಿರಬೇಕೆಂದಿತು. ಇಂದು ನಾವು ಜಾರ್ಜಿಯನ್ ಶೈಲಿಯ ಸೌಂದರ್ಯವೆಂದು ಮೆಚ್ಚುವ ಅನೇಕ ಲಕ್ಷಣಗಳ ಹಿಂದೆ ಅಗ್ನಿನಿವಾರಣೆಯ ಕಾನೂನು ಇದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಸರಣಿಯಲ್ಲಿ ಅತ್ಯಂತ ವ್ಯಾಪಕವಾದುದು ೧೭೭೪ರ ಕಟ್ಟಡ ಅಧಿನಿಯಮ. ಸರ್ ರಾಬರ್ಟ್ ಟೇಲರ್ ಮತ್ತು ಕಿರಿಯ ಜಾರ್ಜ್ ಡ್ಯಾನ್ಸ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಅದನ್ನು ರೂಪಿಸಿದರು. ಮನೆಗಳನ್ನು ಮೌಲ್ಯ ಮತ್ತು ನೆಲದ ವಿಸ್ತೀರ್ಣಕ್ಕೆ ಅನುಗುಣವಾಗಿ ದರ್ಜೆಗಳಾಗಿ ವಿಂಗಡಿಸಲಾಯಿತು. ೮೫೦ ಪೌಂಡುಗಳಿಗೂ ಹೆಚ್ಚು ಬೆಲೆಯ, ೯೦೦ ಚದರ ಅಡಿಗಳಿಗೂ ಮೀರಿದ ಮನೆ ಮೊದಲನೆಯ ದರ್ಜೆಯದು. ೧೫೦ ಪೌಂಡುಗಳಿಗಿಂತ ಕಡಿಮೆ ಬೆಲೆಯದು ನಾಲ್ಕನೆಯ ದರ್ಜೆಯದು. ಪ್ರತಿ ದರ್ಜೆಗೂ ಗೋಡೆಯ ದಪ್ಪ, ಅಡಿಪಾಯದ ಅಳತೆ ನಿಗದಿಯಾದವು. ಬೀದಿಗೆ ಚಾಚುವ ಭಾಗಗಳ ಮೇಲೆ ಕಟ್ಟುನಿಟ್ಟು ಬಂದಿತು. ಅಗಲವಾದ ಬೀದಿಯಲ್ಲಿಯೂ ಅಂಗಡಿಯ ಕಿಟಕಿ ೧೦ ಅಂಗುಲಕ್ಕಿಂತ ಹೆಚ್ಚು ಹೊರಚಾಚುವಂತಿರಲಿಲ್ಲ. ಇವುಗಳ ಪಾಲನೆಯನ್ನು ನೋಡಿಕೊಳ್ಳಲು ವಿಭಾಗವಾರು ಸರ್ವೇಯರರು ನೇಮಕಗೊಂಡರು.

ಈ ಕಾನೂನು ಮನೆಯ ಅಂದವನ್ನಾಗಲೀ ಪ್ರಾಚೀನತೆಯನ್ನಾಗಲೀ ಲೆಕ್ಕಿಸಲಿಲ್ಲ. ಸಾಲುಮನೆಯಲ್ಲಿ ಪಕ್ಕದ ಗೋಡೆ ಇಬ್ಬರಿಗೂ ಸೇರಿದ್ದು. ಒಬ್ಬನ ಮನೆಗೆ ಹತ್ತಿದ ಬೆಂಕಿ ಇನ್ನೊಬ್ಬನ ಮನೆಗೆ ಹರಡಬಾರದು, ಒಬ್ಬನು ಚಾಚಿದ ಗೋಡೆ ಎಲ್ಲರ ದಾರಿಯನ್ನು ಕಸಿಯಬಾರದು ಎಂಬುದಷ್ಟೇ ಅದರ ಚಿಂತೆ. ಆದ್ದರಿಂದ ವಿಸ್ತರಣೆಯ ಪ್ರಶ್ನೆಯನ್ನು ಎತ್ತುವ ಅಧಿಕಾರ ಈ ಹಂತದಲ್ಲಿ ನೆರೆಯವನ ಹಾಗೂ ದಾರಿಹೋಕನ ಪರವಾಗಿತ್ತು.

೩. ೧೮೧೨ರ ವ್ಯಾಜ್ಯ

ಸೋನ್ ಗಾರೆಕೆಲಸದವನೊಬ್ಬನ ಮಗ. ೧೭೬೮ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಆತ ಜಾರ್ಜ್ ಡ್ಯಾನ್ಸನ ಕಚೇರಿಯನ್ನು ಸೇರಿದನು. ೧೭೮೮ರಲ್ಲಿ ರಾಬರ್ಟ್ ಟೇಲರ್ ತೀರಿಕೊಂಡಾಗ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯ ಸ್ಥಾನ ಸೋನ್‌ಗೆ ದೊರೆಯಿತು. ೧೭೭೪ರ ಅಧಿನಿಯಮದ ಕರ್ತೃಗಳಲ್ಲಿ ಒಬ್ಬನು ಆತನ ಗುರು, ಇನ್ನೊಬ್ಬನು ಆತನ ಪೂರ್ವಾಧಿಕಾರಿ. ಆ ಕಾನೂನನ್ನು ಸೋನ್‌ಗಿಂತ ಚೆನ್ನಾಗಿ ಬಲ್ಲವರು ವಿರಳ.

ಪತ್ನಿಯ ಕಡೆಯಿಂದ ಬಂದ ಆಸ್ತಿಯ ನೆರವಿನಿಂದ ಸೋನ್ ೧೭೯೨ರಲ್ಲಿ ಲಿಂಕನ್ಸ್ ಇನ್ ಫೀಲ್ಡ್ಸ್‌ನ ೧೨ನೆಯ ಮನೆಯನ್ನು ಕೊಂಡು, ಅದನ್ನು ಕೆಡವಿ ಹೊಸದಾಗಿ ಕಟ್ಟಿದನು. ಅದರ ಮುಂಭಾಗ ಸರಳವಾದ ಇಟ್ಟಿಗೆಯದು. ಸಾಲಿನ ಶಿಸ್ತನ್ನು ಮೀರಿದ್ದಲ್ಲ. ಮುಂದೆ ಪಕ್ಕದ ೧೩ನೆಯ ಮನೆಯನ್ನು ಕೊಂಡ ಮೇಲೆ, ಮೊದಲು ಅದರ ಹಿಂಭಾಗದಲ್ಲಿದ್ದ ಲಾಯದ ಜಾಗವನ್ನು ೧೮೦೮-೦೯ರಲ್ಲಿ ಕಚೇರಿಯಾಗಿಯೂ ಶಿಲ್ಪಸಂಗ್ರಹದ ಅಂಗಣವಾಗಿಯೂ ಪರಿವರ್ತಿಸಿದನು. ಮುಂಭಾಗದ ಮನೆಯಲ್ಲಿ ಬಾಡಿಗೆದಾರನಿದ್ದನು. ೧೮೧೨ರಲ್ಲಿ ಆತನನ್ನು ೧೨ನೆಯ ಮನೆಗೆ ಸ್ಥಳಾಂತರಿಸಿ, ೧೩ನೆಯ ಹಳೆಯ ಮನೆಯನ್ನು ಕೆಡವಿ, ಸೋನ್ ಹೊಸ ಮನೆಯನ್ನು ಎಬ್ಬಿಸಿದನು.

ಈ ಮನೆಯ ಇಟ್ಟಿಗೆಯ ಗೋಡೆಯ ಮುಂದೆ ಪೋರ್ಟ್‌ಲ್ಯಾಂಡ್ ಬಿಳಿಕಲ್ಲಿನ ಕಮಾನುಗಳುಳ್ಳ ಪಡಸಾಲೆಯೊಂದು ನೆರೆಮನೆಗಳ ಸಾಲನ್ನು ಬಿಟ್ಟು ಮುಂದಕ್ಕೆ ಬಂದಿತು. ಪಡಸಾಲೆಯ ಕಮಾನುಗಳು ಆಗ ತೆರೆದಿದ್ದವು. ಗಾಜು ಕೂಡಿಸಿದ್ದು ಸೋನ್‌ನ ಜೀವಿತದ ಕೊನೆಯ ವರ್ಷಗಳಲ್ಲಿ. ಮೇಲೆ ಗ್ರೀಕ್ ಮಾದರಿಯ ಎರಡು ಸ್ತ್ರೀಮೂರ್ತಿಗಳು ಕೋಡ್ ಕೃತಕಶಿಲೆಯಲ್ಲಿ ನಿಂತವು. ವೆಸ್ಟ್‌ಮಿನ್‌ಸ್ಟರ್ ಸಭಾಭವನದಿಂದ ಬಂದ ಹದಿನಾಲ್ಕನೆಯ ಶತಮಾನದ ಗಾಥಿಕ್ ಪೀಠಗಳನ್ನೂ ಗೋಡೆಗೆ ಜೋಡಿಸಲಾಯಿತು. ಇಟ್ಟಿಗೆಯ ಸಾಲಿನಲ್ಲಿ ಇಂತಹ ಮುಂಭಾಗ ಎದ್ದು ಕಾಣದೆ ಇರಲಿಲ್ಲ. ಪತ್ರಿಕೆಯಲ್ಲಿ ಟೀಕೆ ಬಂದಿತು. ಆ ವಿಭಾಗದ ಸರ್ವೇಯರನಾಗಿದ್ದ ವಿಲಿಯಂ ಕಿನ್ನಾರ್ಡನು ಈ ಚಾಚು ೧೭೭೪ರ ಅಧಿನಿಯಮಕ್ಕೆ ವಿರುದ್ಧವಾದುದೆಂದೂ ಸಾರ್ವಜನಿಕ ಉಪದ್ರವವೆಂದೂ ಪರಿಗಣಿಸಿ ಪ್ರಕರಣವನ್ನು ನ್ಯಾಯಾಧಿಕಾರಿಗಳ ಮುಂದೆ ಒಯ್ದನು.

ತೀರ್ಪು ಸೋನ್ ಪರವಾಯಿತು. ಸೋನ್ ಪಕ್ಷದ ವಾದದ ಸಾರ ಸರಳವಾದುದು. ಲಿಂಕನ್ಸ್ ಇನ್ ಫೀಲ್ಡ್ಸ್‌ನ ಮನೆಗಳ ಮುಂದೆ ಒಡೆಯರಿಗೇ ಸೇರಿದ ಚಿಕ್ಕ ಮುಂಗಳವಿತ್ತು. ಪಡಸಾಲೆ ಚಾಚಿದ್ದು ಆ ಮುಂಗಳದ ಮೇಲೆ. ಸಾರ್ವಜನಿಕ ಬೀದಿಯ ಒಂದು ಅಂಗುಲವನ್ನೂ ಅದು ಆಕ್ರಮಿಸಿರಲಿಲ್ಲ. ಕಟ್ಟಡ ಕಲ್ಲಿನದಾದುದರಿಂದ ಬೆಂಕಿಯ ಭಯವೂ ಇರಲಿಲ್ಲ. ಸಾಲಿನ ಏಕರೂಪತೆ ಕೆಟ್ಟಿತೆಂಬ ಆಕ್ಷೇಪಣೆ ಉಳಿಯಿತು. ಆದರೆ ಸಾಲಿನ ಏಕರೂಪತೆಯನ್ನು ಕಾಪಾಡುವ ಕಾನೂನು ಆಗ ಇರಲಿಲ್ಲ. ಆ ಕಾಲದ ಕಾನೂನಿಗೆ ಗೊತ್ತಿದ್ದುದು ಎಲ್ಲೆ ಮತ್ತು ಅಪಾಯ ಎಂಬ ಎರಡು ಅಳತೆಗಳು ಮಾತ್ರ. ಎರಡರಿಂದಲೂ ಸೋನ್ ನಿರ್ದೋಷಿಯಾಗಿದ್ದನು.

ಸರ್ವೇಯರನ ನಡೆಯನ್ನು ಕೇವಲ ಅಧಿಕಾರಿಯ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಆತನ ಆಕ್ಷೇಪಣೆಯಲ್ಲಿ ಮುಂದಿನ ಶತಮಾನದ ಪ್ರಶ್ನೆಯೊಂದು ಅಸ್ಪಷ್ಟವಾಗಿ ಅಡಗಿತ್ತು. ಒಡೆಯನ ನೆಲದ ಒಳಗೇ ನಡೆದ ಬದಲಾವಣೆಯಿಂದಲೂ ಬೀದಿಯ ಒಟ್ಟು ರೂಪಕ್ಕೆ ಹಾನಿಯಾಗಬಹುದೆ? ಆಗುವುದಾದರೆ ಆ ರೂಪದ ಒಡೆತನ ಯಾರದು?

೪. ೧೮೩೩ರ ಅಧಿನಿಯಮ

ಸೋನ್ ೧೮೨೩-೨೪ರಲ್ಲಿ ೧೪ನೆಯ ಮನೆಯನ್ನೂ ಪುನಃ ಕಟ್ಟಿಸಿದನು. ಅದರ ಮುಂಭಾಗವನ್ನು ೧೨ನೆಯ ಮನೆಗೆ ಹೋಲುವಂತೆ ರಚಿಸಿದುದರಿಂದ ೧೩ನೆಯ ಮನೆ ಎರಡು ಸಮಾನ ಮಗ್ಗುಲುಗಳ ನಡುವಿನ ಕೇಂದ್ರವಾಯಿತು. ಹಿಂದೆ ಸಾಲನ್ನು ಕೆಡಿಸಿದ ಚಾಚು ಈಗ ಹೊಸದೊಂದು ಸಾಲಿನ ನಡುವಣ ಅಂಗವಾಯಿತು. ೧೪ನೆಯ ಮನೆಯ ಹಿಂಭಾಗದ ನೆಲದಲ್ಲಿ ಚಿತ್ರಶಾಲೆ ಎದ್ದಿತು. ೧೮೨೪ರಲ್ಲಿ ಈಜಿಪ್ಟಿನ ಅರಸ ಮೊದಲನೆಯ ಸೇತಿಯ ಶಿಲಾಶವಪೆಟ್ಟಿಗೆಯನ್ನು ಸೋನ್ ೨,೦೦೦ ಪೌಂಡುಗಳಿಗೆ ಕೊಂಡು ನೆಲಮಾಳಿಗೆಯಲ್ಲಿ ಇರಿಸಿದನು. ಹೀಗೆ ಸುಮಾರು ನಾಲ್ಕು ದಶಕಗಳ ಕಾಲ ಆ ಮನೆ ಬೆಳೆಯುತ್ತಲೇ ಇತ್ತು.

ಆದರೆ ಅದನ್ನು ಮುಂದುವರಿಸುವ ವಾರಸುದಾರರ ವಿಷಯದಲ್ಲಿ ಸೋನ್‌ಗೆ ಸಮಾಧಾನವಿರಲಿಲ್ಲ. ಕಿರಿಯ ಮಗ ಜಾರ್ಜ್ ೧೮೧೫ರಲ್ಲಿ ಪತ್ರಿಕೆಯೊಂದರಲ್ಲಿ ಹೆಸರು ಹಾಕದೆ ತಂದೆಯ ವಾಸ್ತುಕೃತಿಗಳನ್ನು ಕಟುವಾಗಿ ಹೀಗಳೆದು ಬರೆದನು. ಅದೇ ವರ್ಷದ ನವೆಂಬರಿನಲ್ಲಿ ತಾಯಿ ತೀರಿಕೊಂಡಳು. ಆಕೆಯ ಸಾವಿಗೆ ಆ ಬರಹಗಳೇ ಕಾರಣವೆಂದು ಸೋನ್ ಕೊನೆಯವರೆಗೂ ನಂಬಿದನು. ಹಿರಿಯ ಮಗ ೧೮೨೩ರಲ್ಲಿ ಮರಣಹೊಂದಿದನು. ಮನೆಯು ಜಾರ್ಜನ ಕೈಸೇರಿ ಚದುರಿಹೋಗದಂತೆ ತಡೆಯಲು ಸೋನ್ ಖಾಸಗಿ ಮಸೂದೆಯ ಮಾರ್ಗವನ್ನು ಹಿಡಿದನು. ವಿಲಿಯಂ ಕಾಬೆಟ್ ಪಾರ್ಲಿಮೆಂಟಿನಲ್ಲಿ ಮಗನ ಹಕ್ಕಿನ ಪರವಾಗಿ ದನಿಯೆತ್ತಿದರೂ ೧೮೩೩ರಲ್ಲಿ ಮಸೂದೆ ಅಂಗೀಕಾರವಾಯಿತು. ಅದರಂತೆ ಸೋನ್ ಮರಣಾನಂತರ ಮನೆ ಮತ್ತು ಸಂಗ್ರಹ ಧರ್ಮದರ್ಶಿಗಳ ವಶಕ್ಕೆ ಬಂದು, ವಿದ್ಯಾರ್ಥಿಗಳಿಗೂ ಕಲಾಸಕ್ತರಿಗೂ ತೆರೆದಿರಬೇಕಾಗಿತ್ತು. ಸಂದರ್ಭ ಅವಕಾಶಕೊಡುವಷ್ಟರ ಮಟ್ಟಿಗೆ ಅವು ಆತ ಬಿಟ್ಟುಹೋದ ಸ್ಥಿತಿಯಲ್ಲಿಯೇ ಉಳಿಯಬೇಕಾಗಿತ್ತು. ೧೮೩೭ರ ಜನವರಿ ೨೦ರಂದು ಸೋನ್ ತೀರಿಕೊಂಡಾಗ ಅಧಿನಿಯಮ ಜಾರಿಗೆ ಬಂದಿತು.

ಇದರಲ್ಲಿ ಒಂದು ವೈರುಧ್ಯವಿದೆ. ಹಳೆಯ ಮೂರು ಮನೆಗಳನ್ನು ಕೆಡವಿದವನೇ ತನ್ನ ಮನೆ ಕೆಡದಂತೆ ಕಾನೂನು ಪಡೆದನು. ತನ್ನ ಎಲ್ಲೆಯೊಳಗೆ ಏನನ್ನಾದರೂ ಕಟ್ಟುವ ಹಕ್ಕಿಗಾಗಿ ಹೋರಾಡಿದವನೇ ಮುಂದಿನವರಿಗೆ ಆ ಹಕ್ಕನ್ನು ನಿರಾಕರಿಸಿದನು. ವೈಯಕ್ತಿಕ ನೋವು ಇದಕ್ಕೆ ಪ್ರೇರಣೆಯಾದರೂ ಫಲಿತಾಂಶ ಸಾರ್ವಜನಿಕವಾದುದು. ವಾಸದ ಮನೆಯೊಂದರ ರೂಪದಲ್ಲಿ ಒಡೆಯನಿಗೂ ವಾರಸುದಾರನಿಗೂ ಮೀರಿದ ಹಿತಾಸಕ್ತಿ ಇರಬಲ್ಲುದೆಂಬುದನ್ನು ಪಾರ್ಲಿಮೆಂಟು ಈ ಒಂದು ಮನೆಯ ಮಟ್ಟಿಗೆ ಒಪ್ಪಿಕೊಂಡಂತಾಯಿತು.

೫. ನೆರೆಯವನಿಂದ ಮುಂದಿನ ತಲೆಮಾರಿನವರೆಗೆ

ಆ ಒಪ್ಪಿಗೆ ಸಾಮಾನ್ಯ ನಿಯಮವಾಗಲು ಇನ್ನೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ೧೮೮೨ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಅಧಿನಿಯಮದ ಪಟ್ಟಿಯಲ್ಲಿದ್ದವು ಬಹುಮಟ್ಟಿಗೆ ಪ್ರಾಗೈತಿಹಾಸಿಕ ನೆಲೆಗಳು. ೧೯೧೩ರ ಅಧಿನಿಯಮವು ಸಂರಕ್ಷಣಾ ಆದೇಶಗಳ ವ್ಯಾಪ್ತಿಯಿಂದ ಜನವಸತಿಯುಳ್ಳ ಮನೆಗಳನ್ನು ಹೊರಗಿಟ್ಟಿತು. ಸ್ಮಾರಕವೆಂದರೆ ಯಾರೂ ವಾಸಿಸದ ಕಟ್ಟಡ ಎಂಬ ಭಾವನೆ ಬಲವಾಗಿತ್ತು. ಆಡಂ ಸಹೋದರರು ೧೭೬೮ರಿಂದ ಥೇಮ್ಸ್ ದಡದಲ್ಲಿ ಕಟ್ಟಿದ ಅಡೆಲ್ಫಿ ಸಾಲುಮನೆಗಳ ಪ್ರಮುಖ ಭಾಗವನ್ನು ೧೯೩೬ರಲ್ಲಿ ಕೆಡವಿದಾಗ ತಡೆಯುವ ಪರಿಣಾಮಕಾರಿ ಸಾಧನ ಯಾರ ಕೈಯಲ್ಲೂ ಇರಲಿಲ್ಲ. ಮರುವರ್ಷವೇ ಜಾರ್ಜಿಯನ್ ಗ್ರೂಪ್ ಎಂಬ ಸಂಘಟನೆ ಹುಟ್ಟಿತು.

ಎರಡನೆಯ ಮಹಾಯುದ್ಧದ ನಂತರ ಬಂದ ೧೯೪೭ರ ನಗರ ಮತ್ತು ಗ್ರಾಮ ಯೋಜನಾ ಅಧಿನಿಯಮವು ಮೂಲಭೂತ ಬದಲಾವಣೆಯನ್ನು ತಂದಿತು. ೧೯೪೮ರ ಜುಲೈ ೧ರಿಂದ, ನೆಲದ ಒಡೆತನವು ತಾನಾಗಿಯೇ ಅದರ ಅಭಿವೃದ್ಧಿಯ ಹಕ್ಕನ್ನು ಕೊಡುವುದಿಲ್ಲ, ಆ ಹಕ್ಕಿಗೆ ಸಾರ್ವಜನಿಕ ಅನುಮತಿ ಬೇಕು ಎಂಬ ತತ್ತ್ವ ನೆಲೆಗೊಂಡಿತು. ೧೮೧೨ರಲ್ಲಿ ಸೋನ್ ಗೆದ್ದ ವಾದ ಇಲ್ಲಿಗೆ ಮುಗಿಯಿತು. ಐತಿಹಾಸಿಕ ಕಟ್ಟಡಗಳ ಪಟ್ಟಿಯನ್ನು ಸಿದ್ಧಪಡಿಸುವ ಕರ್ತವ್ಯವೂ ಅದೇ ಅಧಿನಿಯಮದಿಂದ ಸರ್ಕಾರದ ಮೇಲೆ ಬಿದ್ದಿತು. ಆದರೆ ಪಟ್ಟಿಯ ಮನೆಯ ಒಡೆಯನು ಬದಲಾವಣೆಗೆ ಮುನ್ನ ಸೂಚನೆ ಕೊಟ್ಟರೆ ಸಾಕಾಗಿತ್ತು. ತಡೆಯಬೇಕಾದವರು ಪ್ರತ್ಯೇಕ ಆದೇಶ ಹೊರಡಿಸಬೇಕಾಗಿತ್ತು. ೧೯೬೮ರ ಅಧಿನಿಯಮವು ಈ ಹೊರೆಯನ್ನು ತಿರುಗಿಸಿತು. ಪಟ್ಟಿ ಸೇರಿದ ಕಟ್ಟಡವನ್ನು ಕೆಡವಲು, ಬದಲಿಸಲು ಅಥವಾ ವಿಸ್ತರಿಸಲು ಮೊದಲೇ ವಿಶೇಷ ಸಮ್ಮತಿ ಪಡೆಯಬೇಕಾಯಿತು. ಅದಕ್ಕೂ ಮುನ್ನ, ೧೯೬೭ರ ನಾಗರಿಕ ಸೌಕರ್ಯ ಅಧಿನಿಯಮವು ಒಂಟಿ ಕಟ್ಟಡವನ್ನಲ್ಲದೆ ಇಡೀ ಬೀದಿ, ಚೌಕಗಳನ್ನು ಸಂರಕ್ಷಣಾ ಪ್ರದೇಶಗಳೆಂದು ಗುರುತಿಸುವ ಅವಕಾಶವನ್ನು ಕಲ್ಪಿಸಿತ್ತು. ಕಿನ್ನಾರ್ಡನಿಗೆ ೧೮೧೨ರಲ್ಲಿ ದೊರೆಯದಿದ್ದ ಆಧಾರ ೧೫೫ ವರ್ಷಗಳ ಮೇಲೆ ಹೀಗೆ ಕಾನೂನಿನ ರೂಪ ತಾಳಿತು.

ಇಂಗ್ಲೆಂಡಿನಲ್ಲಿ ಈ ನಿಯಮಗಳು ೧೯೯೦ರ ಪಟ್ಟಿ ಸೇರಿದ ಕಟ್ಟಡಗಳ ಅಧಿನಿಯಮದಲ್ಲಿ ಕ್ರೋಡೀಕೃತವಾಗಿವೆ. ಹಳೆಯ ಸಾಲುಮನೆಯನ್ನು ವಿಸ್ತರಿಸಬಯಸುವವನಿಗೆ ಯೋಜನಾ ಅನುಮತಿ ಮತ್ತು ಪಟ್ಟಿ ಕಟ್ಟಡದ ಸಮ್ಮತಿ ಎಂಬ ಎರಡು ಬೇರೆ ಬೇರೆ ಮಂಜೂರಾತಿಗಳು ಬೇಕಾಗಬಹುದು. ಕಟ್ಟಡ ಮತ್ತು ಅದರ ಪರಿಸರವನ್ನು ಕಾಪಾಡುವ ಅಪೇಕ್ಷಣೀಯತೆಗೆ ಸ್ಥಳೀಯ ಪ್ರಾಧಿಕಾರವು ವಿಶೇಷ ಗಮನ ಕೊಡಬೇಕೆಂದು ಕಾನೂನು ವಿಧಿಸುತ್ತದೆ. ೨೦೧೨ರಲ್ಲಿ ಬಂದ ರಾಷ್ಟ್ರೀಯ ಯೋಜನಾ ನೀತಿಯ ಚೌಕಟ್ಟಿನಂತೆ ಅರ್ಜಿದಾರನು ತನ್ನ ಮನೆಯ ಐತಿಹಾಸಿಕ ಮಹತ್ವವನ್ನು ತಾನೇ ವಿವರಿಸಬೇಕು. ಸಮ್ಮತಿಯಿಲ್ಲದೆ ಪಟ್ಟಿ ಕಟ್ಟಡದ ಸ್ವರೂಪವನ್ನು ಬದಲಿಸುವುದು ದಂಡನೀಯ ಅಪರಾಧ. ನಿರಾಕರಣೆಯಾದರೆ ಮೇಲ್ಮನವಿಗೆ ಅವಕಾಶವಿದೆ. ಸಾಲುಮನೆಯ ವಿಷಯದಲ್ಲಿ ಅಧಿಕಾರಿಗಳು ಮುಖ್ಯವಾಗಿ ಪರಿಶೀಲಿಸುವುದು ಸಾಲಿನ ಮುಂಭಾಗ ಹಾಗೂ ಮಾಡಿನ ರೇಖೆ ಮುರಿಯುವುದೆ, ಒಳಗಿನ ಕೋಣೆಗಳ ಮೂಲ ವಿನ್ಯಾಸ ಅಳಿಯುವುದೆ, ಹೊಸ ಭಾಗವು ಹಳೆಯದಕ್ಕೆ ಅಧೀನವಾಗಿ ನಿಲ್ಲುವುದೆ ಎಂಬ ಅಂಶಗಳನ್ನು.

ಈ ಅಳತೆಗಳನ್ನು ೧೮೧೨ರ ಮುಂಭಾಗಕ್ಕೆ ಅನ್ವಯಿಸಿದರೆ ಏನಾಗುತ್ತಿತ್ತು? ಇದು ಊಹೆಯ ಪ್ರಶ್ನೆಯಾದರೂ ನಿರರ್ಥಕವಲ್ಲ. ಹಳೆಯ ಮನೆಯ ನೆಲಸಮ, ಸಾಲಿನಿಂದ ಹೊರಚಾಚು, ಇಟ್ಟಿಗೆಯ ನಡುವೆ ಬಿಳಿಕಲ್ಲು ಇವು ಮೂರೂ ನಿರಾಕರಣೆಗೆ ಸಾಕಾದ ಕಾರಣಗಳಾಗುತ್ತಿದ್ದವೆಂದು ತೋರುತ್ತದೆ. ಆದರೆ ಇಂದು ಅತ್ಯುನ್ನತವಾದ ಮೊದಲನೆಯ ದರ್ಜೆಯ ರಕ್ಷಣೆ ಪಡೆದಿರುವುದು ಆ ಮನೆಯೇ. ಒಂದು ಕಾಲದ ಅತಿಕ್ರಮಣವೆನಿಸಿದ್ದು ಇನ್ನೊಂದು ಕಾಲದ ಪರಂಪರೆಯಾಗಿದೆ.

೬. ರಕ್ಷಿತ ಮನೆಯ ನಂತರದ ಬದಲಾವಣೆಗಳು

ಸೋನ್ ಮನೆಯೂ ೧೮೩೭ರಲ್ಲಿ ಸ್ತಬ್ಧವಾಗಿ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ೧೨ ಮತ್ತು ೧೩ನೆಯ ಮನೆಗಳ ನಡುವಿನ ಗೋಡೆಯಲ್ಲಿ ದಾರಿ ಬಿಡಿಸಲಾಯಿತು. ೧೯೬೯ರಲ್ಲಿ ಹೊಸ ಆಡಳಿತ ವ್ಯವಸ್ಥೆಯು ಹಳೆಯ ಅಧಿನಿಯಮದ ಸ್ಥಾನಕ್ಕೆ ಬಂದರೂ ಅದರ ಆಶಯ ಉಳಿಯಿತು. ೧೯೯೦ರ ದಶಕದಲ್ಲಿ ೧೪ನೆಯ ಮನೆ ಸಂಗ್ರಹಾಲಯದ ಒಡೆತನಕ್ಕೆ ಸೇರಿತು. ೨೦೧೬ರಲ್ಲಿ ಮುಗಿದ ಜೀರ್ಣೋದ್ಧಾರ ಯೋಜನೆಯಲ್ಲಿ ೧೩ನೆಯ ಮನೆಯ ಎರಡನೆಯ ಅಂತಸ್ತಿನ ಖಾಸಗಿ ಕೋಣೆಗಳನ್ನು ಸೋನ್ ಕಾಲದ ಸ್ಥಿತಿಗೆ ತರಲಾಯಿತು. ನಡೆಯಲಾರದ ಸಂದರ್ಶಕರಿಗಾಗಿ ಬೇಕಾದ ಲಿಫ್ಟು ಮೊದಲಾದ ಹೊಸ ಸೌಕರ್ಯಗಳನ್ನು ೧೨ನೆಯ ಮನೆಯಲ್ಲಿ ಅಳವಡಿಸಲಾಯಿತು. ಹೊಸ ಅಗತ್ಯದ ಭಾರವನ್ನು ಕಡಿಮೆ ಸೂಕ್ಷ್ಮವಾದ ಭಾಗದ ಮೇಲೆ ಹೊರಿಸಿ ಹೆಚ್ಚು ಸೂಕ್ಷ್ಮವಾದುದನ್ನು ಉಳಿಸಿಕೊಳ್ಳುವ ಈ ವಿವೇಕವು ಸಂದರ್ಭ ಅವಕಾಶಕೊಡುವಷ್ಟು ಎಂಬ ಮೂಲ ಷರತ್ತಿಗೆ ಹೊಂದುವಂಥದ್ದು.

ಈ ಇತಿಹಾಸ ನಮ್ಮ ನಾಡಿನ ಅಧ್ಯಯನಕಾರರಿಗೂ ಪ್ರಸ್ತುತವಾದುದು. ಭಾರತದ ೧೯೫೮ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ ೨೦೧೦ರಲ್ಲಿ ತಂದ ತಿದ್ದುಪಡಿಯು ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ ೧೦೦ ಮೀಟರುಗಳನ್ನು ನಿಷೇಧಿತ ಪ್ರದೇಶವೆಂದೂ, ಅದರಾಚೆಗೆ ೨೦೦ ಮೀಟರುಗಳನ್ನು ನಿಯಂತ್ರಿತ ಪ್ರದೇಶವೆಂದೂ ಗೊತ್ತುಪಡಿಸಿತು. ನಿಷೇಧಿತ ಪ್ರದೇಶದ ಹಳೆಯ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು. ಆದರೆ ಅಡ್ಡವಾಗಲೀ ಎತ್ತರಕ್ಕಾಗಲೀ ಮಾಡುವ ವಿಸ್ತರಣೆಯನ್ನು ಆ ತಿದ್ದುಪಡಿ ಹೊಸ ನಿರ್ಮಾಣವೆಂದೇ ವ್ಯಾಖ್ಯಾನಿಸಿತು. ಶ್ರೀರಂಗಪಟ್ಟಣದಂತೆ ರಕ್ಷಿತ ಸ್ಮಾರಕಗಳ ನಡುವೆಯೇ ಜನ ವಾಸಿಸುವ ಊರುಗಳಲ್ಲಿ ಇದರ ಪರಿಣಾಮ ಗಂಭೀರವಾದುದು. ಇಲ್ಲಿ ರಕ್ಷಣೆಯ ಅಳತೆ ದೂರ, ವಿಸ್ತರಣೆಯ ಗುಣವಲ್ಲ. ಜೊತೆಗೆ ಆ ಮನೆಯೇ ಐತಿಹಾಸಿಕವಾಗಿದ್ದರೂ ಅದನ್ನು ಪಕ್ಕದ ಸ್ಮಾರಕದ ಪರಿಸರವೆಂದು ನೋಡಲಾಗುತ್ತದೆಯೇ ಹೊರತು ಅದರದೇ ಮೌಲ್ಯದ ವಿಚಾರಣೆ ನಡೆಯುವುದಿಲ್ಲ.

ದೂರದ ಅಳತೆಗೆ ಒಂದು ಗುಣವಿದೆ. ಅದು ಸ್ಪಷ್ಟ, ಅಧಿಕಾರಿಯ ಮರ್ಜಿಗೆ ಬಿಟ್ಟದ್ದಲ್ಲ. ಗುಣದ ವಿಚಾರಣೆಗೆ ನುರಿತ ಸಿಬ್ಬಂದಿ, ಮನೆಮನೆಯ ಸಮೀಕ್ಷೆ, ದಾಖಲೆಗಳು ಬೇಕು. ಇಂಗ್ಲೆಂಡಿನಲ್ಲಿಯೂ ೧೯೪೭ರ ಪಟ್ಟಿಯ ಕರ್ತವ್ಯದಿಂದ ೧೯೬೮ರ ಸಮ್ಮತಿಯ ನಿಯಮಕ್ಕೆ ಬರಲು ಎರಡು ದಶಕಗಳೇ ಬೇಕಾದವು. ಆದ್ದರಿಂದ ನಮ್ಮ ಹಳೆಯ ಪಟ್ಟಣಗಳ ತೊಟ್ಟಿಮನೆಗಳ, ಬೀದಿಮನೆಗಳ ವಿವರವಾದ ದಾಖಲೀಕರಣವು ಕೇವಲ ವಿದ್ವತ್ತಿನ ಕೆಲಸವಲ್ಲ. ನ್ಯಾಯಸಮ್ಮತವಾದ ಅನುಮತಿ ವ್ಯವಸ್ಥೆಗೆ ಅದೇ ಅಡಿಪಾಯ.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಲಂಡನ್ನಿನ ಸಾಲುಮನೆಯ ವಿಸ್ತರಣೆಗೆ ಮೊದಲು ಅರಸನ, ನಂತರ ನೆರೆಯವನ, ಕೊನೆಗೆ ಇನ್ನೂ ಹುಟ್ಟಿರದವರ ಒಪ್ಪಿಗೆ ಬೇಕಾಯಿತು. ಈ ಕೊನೆಯವರ ಪರವಾಗಿ ಮಾತನಾಡುವ ಪ್ರಾಧಿಕಾರವು ಎರಡು ತಪ್ಪುಗಳನ್ನು ಮಾಡಬಹುದು: ಉಳಿಸಬೇಕಾದುದನ್ನು ಅಳಿಯಬಿಡುವುದು ಒಂದು, ಪರಂಪರೆಯಾಗಬಹುದಾದುದನ್ನು ಹುಟ್ಟದಂತೆ ತಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಅಡೆಲ್ಫಿ ಸಾಕ್ಷಿಯಾದರೆ, ಎರಡನೆಯದರ ಸಾಧ್ಯತೆಗೆ ಸೋನ್ ಮನೆಯ ಮುಂಭಾಗ ಸಾಕ್ಷಿ. ಅನುಮತಿಯ ಅರ್ಜಿಯನ್ನು ಪರಿಶೀಲಿಸುವವರು ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿಡುವುದು ಅಗತ್ಯ.